ಗಡ್ಡದ ಓತಿಗೆ ನಾನು ನುಡಿದ ಸಾಕ್ಷಿ

ಮಸ್ಕತ್ತಿನಲ್ಲಿ ನನ್ನ ವೀಸಾದ ಮೇಲೆ 'ಸೇಲ್ಸ್‌ಮನ್' ಎಂದು ಬರೆದಿತ್ತು. ರಜೆಯಲ್ಲಿ ಬಂದಾಗ ಕಿನ್ನಿಗೋಳಿ ಪೇಟೆಯಲ್ಲಿ ಯಾರಾದರೂ ಅಲ್ಲಿ ಎಂತ ಕೆಲಸ ಎಂದು ಕೇಳಿದರೆ ನಾನೂ ಹಾಗೆಯೇ ಹೇಳಿ ಜಾರಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಇಪ್ಪತ್ತಾರು ವರ್ಷ ನಾನು ಮಾಡಿದ್ದು ಹಿಕ್ಕೆ ಬಳಿಯುವ ಕೆಲಸ. ಗಿಳಿಯ ಹಿಕ್ಕೆ, ಮೊಲದ ಹಿಕ್ಕೆ, ಆಮೆಯ ತೊಟ್ಟಿಯ ಕೊಳೆನೀರು. ಮಾರಾಟ ನಡೆಯುತ್ತಿದ್ದದ್ದು ಅದರ ನಡುವೆ, ಕೈ ತೊಳೆದುಕೊಳ್ಳಲು ಪುರುಸೊತ್ತು ಸಿಕ್ಕಾಗ.

ಈಗ ಮಂಗಳೂರು, ಉಡುಪಿಯಲ್ಲೂ ಸಾಕುಪ್ರಾಣಿಗಳ ಅಂಗಡಿಗಳಾಗಿವೆ. ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರು ಯಾರ ಯಾರಿಂದಲೋ ನನ್ನ ನಂಬರು ಪಡೆದು ಫೋನ್ ಮಾಡುತ್ತಾರೆ. ಹೆಚ್ಚಿನವರ ಪ್ರಶ್ನೆ ಒಂದೇ. ದಾಮೋದರಣ್ಣ, ಬಿಯರ್ಡೆಡ್ ಡ್ರ್ಯಾಗನ್‌ನ ಮರಿ ಬಂದಿದೆ, ಅದಕ್ಕೆ ಎಂತ ಹಾಕುವುದು, ಎಲ್ಲಿ ಇಡುವುದು? ನಾನು ಉತ್ತರ ಹೇಳುತ್ತೇನೆ. ಆದರೆ ಆ ಉತ್ತರ ನನಗೆ ಹೇಗೆ ಸಿಕ್ಕಿತು ಎಂಬುದನ್ನು ಫೋನಿನಲ್ಲಿ ಹೇಳಲಾಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಆ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಯಾವತ್ತೂ ಒಗ್ಗಲಿಲ್ಲ. ನಾನು ಗಡ್ಡದ ಓತಿ ಎನ್ನುತ್ತೇನೆ. ಆಸ್ಟ್ರೇಲಿಯಾ ಮೂಲದ ಪ್ರಾಣಿ, ನಮ್ಮ ಬೇಲಿಯ ಮೇಲೆ ತಲೆ ಕುಣಿಸುವ ಓತಿಕ್ಯಾತನ ದೂರದ ನೆಂಟ. ಸಿಟ್ಟು ಬಂದರೆ ಗಂಟಲಿನ ಮುಳ್ಳುಗಳನ್ನು ಉಬ್ಬಿಸಿ ಕಪ್ಪಾಗಿಸುತ್ತದೆ, ಅದೇ ಅದರ ಗಡ್ಡ. ಮರಿ ಅಂಗೈಯಷ್ಟಿರುತ್ತದೆ. ಅಂಗೈಯಲ್ಲಿ ಕೂತು ಕತ್ತು ವಾರೆ ಮಾಡಿ ನಮ್ಮನ್ನೇ ನೋಡುತ್ತದೆ. ಅದು ಯೋಚಿಸುತ್ತಿದೆಯೋ, ಸುಮ್ಮನೆ ಬಿಸಿ ಕಾಯುತ್ತಿದೆಯೋ ಎಂದು ಇಷ್ಟು ವರ್ಷದಲ್ಲೂ ನನಗೆ ಗೊತ್ತಾಗಿಲ್ಲ.

ನಾನು ಮೊದಲು ಸೇರಿದ್ದು ಮಸ್ಕತ್ತಿನ ಹಳೇ ಪೇಟೆ ಮತ್ರಾದ ಓಣಿಯೊಳಗಿನ ಒಂದು ಕಾಳಿನ ಅಂಗಡಿಗೆ. ನವಣೆ, ಸಜ್ಜೆ, ಸೂರ್ಯಕಾಂತಿ ಬೀಜ, ಜತೆಗೆ ಹತ್ತಿಪ್ಪತ್ತು ಪಂಜರ. ಆಮೇಲೆ ಅಲ್ಲಿಯ ಧಣಿಯೇ ವಾದಿ ಕಬೀರ್‌ನಲ್ಲಿ ಗ್ಯಾರೇಜುಗಳ ಸಾಲಿನಲ್ಲಿ ದೊಡ್ಡ ಅಂಗಡಿ ಹಾಕಿ ನನ್ನನ್ನು ಅಲ್ಲಿಗೆ ಕಳಿಸಿದರು. ಒಮಾನಿ ಧಣಿ, ಹೆಸರು ನಾಸರ್. ನಾವೆಲ್ಲ ಅರ್ಬಾಬ್ ಎನ್ನುತ್ತಿದ್ದೆವು. ಬೆಳಿಗ್ಗೆ ಬಂದವರೇ ಗಲ್ಲಾದ ಹತ್ತಿರ ಹೋಗುತ್ತಿರಲಿಲ್ಲ. ಒಂದೊಂದೇ ಪಂಜರದ ಮುಂದೆ ಕೈ ಹಿಂದೆ ಕಟ್ಟಿ ನಿಂತು, ಯಾವ ಪ್ರಾಣಿ ನಿನ್ನೆಗಿಂತ ಸುಮ್ಮನಿದೆ ಎಂದು ನೋಡುತ್ತಿದ್ದರು. ಸದ್ದು ಮಾಡುವುದಕ್ಕೆ ಹಸಿವು, ಸುಮ್ಮನಿರುವುದಕ್ಕೆ ಕಾಯಿಲೆ ಎಂದು ನನಗೆ ಕಲಿಸಿದವರು ಅವರೇ. ಹಿಂದಿ ನನಗಿಂತ ಚೆನ್ನಾಗಿ ಮಾತಾಡುತ್ತಿದ್ದರು.

ಅವರು ಹುಟ್ಟಿ ಬೆಳೆದದ್ದು ಒಳನಾಡಿನಲ್ಲಿ. ಅಲ್ಲಿಯ ಕಲ್ಲು ಬಯಲಿನಲ್ಲಿ ಮುಳ್ಳು ಬಾಲದ ದಪ್ಪ ಹಲ್ಲಿಯೊಂದಿದೆ, ಅರಬ್ಬಿಯಲ್ಲಿ ಅದಕ್ಕೆ 'ದಬ್' ಎನ್ನುತ್ತಾರೆ. ಅದು ಶುದ್ಧ ಸಸ್ಯಾಹಾರಿ, ಎಲೆ ಹೂವು ತಿಂದೇ ಬದುಕುತ್ತದೆ. ಯಾರೋ ಕೊಟ್ಟ ಒಂದು ದಬ್ ನಮ್ಮ ಅಂಗಡಿಯಲ್ಲಿ ವರ್ಷಗಟ್ಟಲೆ ಇತ್ತು. ನಾನೇ ಅದಕ್ಕೆ ಸೊಪ್ಪು ಹೆಚ್ಚಿ ಹಾಕುತ್ತಿದ್ದೆ. ಹೀಗಾಗಿ ಹಲ್ಲಿ ಜಾತಿಯ ವಿಷಯದಲ್ಲಿ ನಾನು ತಿಳಿದವನು ಎಂಬ ಜಂಬ ನನ್ನೊಳಗೆ ಸೇರಿಕೊಂಡಿತ್ತು.

ನನ್ನ ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ನಾಲ್ಕು ಗಡ್ಡದ ಓತಿ ಮರಿಗಳು ಮೊದಲ ಬಾರಿ ಅಂಗಡಿಗೆ ಬಂದವು. ಪೆಟ್ಟಿಗೆಯ ತಳದಲ್ಲಿ ಎರಡು ಹಾಳೆಯ ಸೂಚನೆ ಇತ್ತಂತೆ. ಪೆಟ್ಟಿಗೆಯ ಜತೆ ನಾನೇ ಅದನ್ನು ಕಸದ ಡಬ್ಬಕ್ಕೆ ಹಾಕಿದ್ದೆ. ಅರ್ಬಾಬ್ ಮರಿಗಳನ್ನು ನೋಡಿ ಬಹಳ ಹೊತ್ತು ನಿಂತರು. ಇದೆಂಥದು ಎಂದು ನಾನು ಕೇಳಿದೆ. ದಬ್ ಇದ್ದ ಹಾಗೇ ಇದೆ, ಆಸ್ಟ್ರೇಲಿಯಾದ ದಬ್ ಇರಬೇಕು ಎಂದರು. ನಾನು ತಡಮಾಡದೆ ರಟ್ಟಿನ ತುಂಡಿನ ಮೇಲೆ 'ದಬ್ ಆಸ್ಟ್ರೇಲಿ' ಎಂದು ಬರೆಸಿ ಗಾಜಿಗೆ ಅಂಟಿಸಿದೆ. ದಬ್, ಒಂದೇ ಒಂದು ಪದ. ಅದರ ಮೇಲೆ ನಂಬಿಕೆಯಿಟ್ಟು ಸೊಪ್ಪು ಹೆಚ್ಚಿ ಹಾಕಿದೆ. ಮರಿಗಳು ಒಂದಿಷ್ಟು ಕಡಿದವು. ನೋಡಿದಿರಾ, ತಿನ್ನುತ್ತವೆ ಎಂದು ಅರ್ಬಾಬ್‌ಗೆ ತೋರಿಸಿದೆ, ಅವರೂ ತಲೆಯಾಡಿಸಿದರು.

ಆ ವಾರವೇ ಸುಧಾ ಅವರು ಬಂದರು. ಮೈಸೂರಿನ ಕಡೆಯವರು, ಮಸ್ಕತ್ತಿನ ಒಂದು ಎಂಜಿನಿಯರಿಂಗ್ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ಮನೆ ವಾದಿ ಕಬೀರ್‌ನಲ್ಲೇ, ನಮ್ಮ ಅಂಗಡಿಯಿಂದ ಎರಡು ಬೀದಿ ಆಚೆ ಒಂದು ಫ್ಲ್ಯಾಟು. ಗಂಡನಿಗೆ ಸೊಹಾರ್‌ನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಜತೆಯಲ್ಲಿ ಹನ್ನೊಂದು ವರ್ಷದ ಮಗಳು ಅನಘಾ, ಅವಳ ಕೈಯಲ್ಲಿ ಕಿತ್ತಳೆ ಬಣ್ಣದ ರಟ್ಟಿನ ಒಂದು ನೋಟ್‌ಬುಕ್ಕು. ಹುಡುಗಿ ಗಾಜಿನ ಮುಂದೆ ಕೂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳುವುದು, ನಾನು ಕನ್ನಡದಲ್ಲಿ ಹೇಳುವುದು, ಅವಳು ಬರೆದುಕೊಳ್ಳುವುದು. ಎಷ್ಟು ವರ್ಷ ಬದುಕುತ್ತದೆ? ಕಚ್ಚುತ್ತದೆಯೇ? ನಿದ್ದೆ ಯಾವಾಗ? ಗೊತ್ತಿದ್ದದ್ದಕ್ಕೂ ಗೊತ್ತಿಲ್ಲದ್ದಕ್ಕೂ ನಾನು ಒಂದೇ ಧೈರ್ಯದಲ್ಲಿ ಉತ್ತರ ಕೊಟ್ಟೆ.

ಸುಧಾ ಅವರದು ಒಂದೇ ಪ್ರಶ್ನೆ. ಅವರ ಮನೆಯಲ್ಲಿ ಏಕಾದಶಿಗೆ ಈರುಳ್ಳಿ ಕೂಡ ಹೆಚ್ಚುವುದಿಲ್ಲ. ಪ್ರತಿ ಚಳಿಗಾಲಕ್ಕೆ ಅತ್ತೆ ಬಂದು ಮೂರು ತಿಂಗಳು ಇರುತ್ತಾರೆ, ಅವರು ಮಡಿಯವರು.

"ಹುಳ ಗಿಳ ತಿನ್ನೋದಾದ್ರೆ ಬೇಡ ಕಣ್ರೀ. ಇದು ವೆಜ್ಜಾ?"

"ಪ್ಯೂರ್ ವೆಜ್ ಅಮ್ಮಾ. ಸೊಪ್ಪು ಹಾಕಿದರೆ ಆಯ್ತು, ಬೇರೆ ಎಂತದೂ ಬೇಡ."

ಅನಘಾ ಅದನ್ನೂ ಬರೆದುಕೊಂಡಳು. ಅಷ್ಟರಲ್ಲಿ ಮರಿಯೊಂದು ಮುಂಗಾಲನ್ನು ನಿಧಾನವಾಗಿ ಎತ್ತಿ, ಗಾಳಿಯಲ್ಲಿ ಒಂದು ಸುತ್ತು ತಿರುಗಿಸಿ ಇಳಿಸಿತು. ನಿಂಗೆ ಹಲೋ ಹೇಳ್ತಾ ಉಂಟು ಮಗಾ ಎಂದೆ. ಅವಳ ಮುಖ ಅರಳಿತು. ತಾನೂ ಕೈ ಎತ್ತಿ ತಿರುಗಿಸಿದಳು. ಆ ಮರಿಯನ್ನೇ ಕೊಂಡರು. ಅದರ ಬಣ್ಣ ನೋಡಿ ಅಲ್ಲೇ ಚಟ್ನಿಪುಡಿ ಎಂದು ಹೆಸರಿಟ್ಟರು, ಮನೆ ಮುಟ್ಟುವಷ್ಟರಲ್ಲಿ ಅದು ಬರೀ 'ಪುಡಿ' ಆಯಿತು.

ಗಾಜಿನ ಪೆಟ್ಟಿಗೆ ಜೋಡಿಸಿ ಕೊಟ್ಟವನೂ ನಾನೇ. ಮರುಭೂಮಿಯ ಪ್ರಾಣಿಗೆ ಮರಳು ಬೇಡವೇ ಎಂದುಕೊಂಡು ತಳದಲ್ಲಿ ಎರಡು ಇಂಚು ಸಣ್ಣ ಮರಳು ಹಾಸಿದೆ. ಬಿಸಿಲಿಗೆ ಎಲ್ಲಿಡುವುದು ಎಂದು ಕೇಳಿದರು. ದೊಡ್ಡ ಕಿಟಕಿಯ ಹತ್ತಿರ ಇಡಿ, ಈ ಊರಿನಲ್ಲಿ ಬಿಸಿಲಿಗೇನು ಬರ ಎಂದು ನಕ್ಕೆ.

ಸುಮಾರು ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಸುಧಾ ಅವರು ಟವೆಲಿನಲ್ಲಿ ಪುಡಿಯನ್ನು ಸುತ್ತಿಕೊಂಡು ಅಂಗಡಿಗೆ ಬಂದರು. ಮರಿ ಕೊಂಡಾಗ ಇದ್ದಷ್ಟೇ ಇತ್ತು, ಒಂದಿಂಚೂ ಬೆಳೆದಿರಲಿಲ್ಲ. ಬೆರಳುಗಳು ತಮ್ಮಷ್ಟಕ್ಕೆ ನಡುಗುತ್ತಿದ್ದವು. ನಿಲ್ಲಿಸಿದರೆ ಎಡ ಮುಂಗಾಲು ಮಡಚಿಕೊಂಡು ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಅನಘಾ ಅಳುತ್ತಿರಲಿಲ್ಲ, ಅದೇ ನನಗೆ ಹೆಚ್ಚು ಕಷ್ಟವಾಯಿತು. ನೋಟ್‌ಬುಕ್ಕನ್ನು ಎದೆಗೆ ಅವುಚಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಅರ್ಬಾಬ್ ಒಮ್ಮೆ ನೋಡಿದರು. ಅಂಗಡಿ ನಾನು ನೋಡಿಕೊಳ್ಳುತ್ತೇನೆ, ನೀನು ಇವರ ಜತೆ ಡಾಕ್ಟರ ಹತ್ತಿರ ಹೋಗು, ಯಲ್ಲಾ, ಬೇಗ ಎಂದರು.

ಸೀಬ್ ಕಡೆ ಒಬ್ಬ ಸುಡಾನಿ ಪಶುವೈದ್ಯೆ ಇದ್ದರು, ಡಾಕ್ಟರ್ ಅಮಲ್. ನಮ್ಮ ಅಂಗಡಿಯ ಪ್ರಾಣಿಗಳನ್ನೆಲ್ಲ ನೋಡುತ್ತಿದ್ದವರು, ಅರ್ಬಾಬ್‌ಗೆ ಹಳೇ ಪರಿಚಯ. ವಾದಿ ಕಬೀರ್‌ನಿಂದ ಅಲ್ಲಿಯವರೆಗೆ ಸುಧಾ ಅವರ ಕಾರಿನಲ್ಲೇ ಹೋದೆವು. ಡಾಕ್ಟರು ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಎಲುಬು ಇರಬೇಕಾದ ಕಡೆ ಮಬ್ಬು ನೆರಳು ಮಾತ್ರ ಇತ್ತು. ಎಡ ಮುಂಗಾಲು ಒಂದು ಕಡೆ ಬಾಗಿ ಬಿರುಕು ಬಿಟ್ಟಿತ್ತು.

ಮೂರು ಪ್ರಶ್ನೆ ಕೇಳಿದರು. ಏನು ತಿನ್ನಿಸುತ್ತೀರಿ? ಸೊಪ್ಪು, ಅದರಲ್ಲೂ ಪಾಲಕ್, ದಿನವೂ ಹೊಸದು ತಂದು ತೊಳೆದು ಸಣ್ಣಗೆ ಹೆಚ್ಚಿ. ಬಿಸಿಲು? ಕಿಟಕಿಯ ಹತ್ತಿರ, ಗಾಜು ಮುಚ್ಚಿ, ಒಳಗೆ ಏಸಿ. ತಳದಲ್ಲಿ? ಮರಳು. ಡಾಕ್ಟರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಆಮೇಲೆ ನಾಲ್ಕನೆಯ ಪ್ರಶ್ನೆ ಬಂತು. ಬರೀ ಸೊಪ್ಪು ಸಾಕು ಎಂದು ನಿಮಗೆ ಹೇಳಿದವರು ಯಾರು?

ನಾನು ಸುಧಾ ಅವರ ಪಕ್ಕದ ಕುರ್ಚಿಯಲ್ಲೇ ಇದ್ದೆ. ಅನಘಾ ನೋಟ್‌ಬುಕ್ಕಿನ ರಟ್ಟು ತೆರೆಯಲು ಹೊರಟದ್ದು ಕಂಡಿತು. ತಾಯಿ ಅದರ ಮೇಲೆ ಅಂಗೈ ಇಟ್ಟರು. ಯಾರೂ ಹೇಳಲಿಲ್ಲ ಡಾಕ್ಟರ್, ನಾವೇ ಹಾಗೆ ಅಂದುಕೊಂಡೆವು ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಬಾಯಿ ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಅನುಭವದ ಮನುಷ್ಯ ಎಂದು ಆ ಡಾಕ್ಟರ ಮುಂದೆ ನನಗಿದ್ದ ಹೆಸರನ್ನು ಕಾಪಾಡಿಕೊಂಡೆ. ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅಂದು ಡಾಕ್ಟರ್ ಅಮಲ್ ಹೇಳಿದ್ದನ್ನು ನೀವು ಸರಿಯಾಗಿ ಕೇಳಿಸಿಕೊಳ್ಳಿ. ದಬ್ ಬೇರೆ, ಇದು ಬೇರೆ. ದಬ್‌ಗೆ ಹುಟ್ಟಿನಿಂದ ಸಾಯುವವರೆಗೆ ಎಲೆಯೇ ಊಟ. ಗಡ್ಡದ ಓತಿ ದೊಡ್ಡದಾದ ಮೇಲೆ ಸೊಪ್ಪನ್ನೇ ಹೆಚ್ಚು ತಿನ್ನುತ್ತದೆ, ಆದರೆ ಮರಿಯಾಗಿದ್ದಾಗ ಅದಕ್ಕೆ ಹುಳವೇ ಮುಖ್ಯ. ಮೊದಲ ವರ್ಷ ಮೈ ಬೆಳೆಯುವುದು ಹುಳದಿಂದ. ಸೊಪ್ಪು ಪಕ್ಕದಲ್ಲಿ ಇರಲಿ, ರುಚಿ ಹತ್ತಲಿ, ಅಷ್ಟೆ. ಪಾಲಕ್ ಅಂತೂ ಬೇಡವೇ ಬೇಡ, ಇರುವ ಕ್ಯಾಲ್ಸಿಯಂ ಅನ್ನೂ ಅದು ಮೈಗೆ ಹತ್ತಲು ಬಿಡುವುದಿಲ್ಲ. ಗಾಜಿನ ಹಿಂದಿನ ಬಿಸಿಲು ಬೆಳಕು ಕೊಡುತ್ತದೆ, ಬಿಸಿ ಕೊಡುತ್ತದೆ, ಎಲುಬಿಗೆ ಬೇಕಾದದ್ದನ್ನು ಕೊಡುವುದಿಲ್ಲ. ಆ ಕಿರಣವನ್ನು ಗಾಜು ತಡೆಯುತ್ತದೆ. ಇನ್ನು ಮರಳು, ಮರಿ ಊಟದ ಜತೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ. ಇದರ ಪುಣ್ಯ, ಅದೊಂದು ಆಗಿಲ್ಲ ಎಂದರು.

ಮೇಜಿನ ಮೇಲೆ ಮಲಗಿದ್ದ ಪುಡಿ ಆಗ ಬಲ ಮುಂಗಾಲನ್ನು ಎತ್ತಿ ತಿರುಗಿಸಿತು. ಹಲೋ ಹೇಳುತ್ತಿದೆ ಎಂದು ಅನಘಾ ಡಾಕ್ಟರಿಗೆ ವಿವರಿಸಿದಳು. ಡಾಕ್ಟರು ಅವಳ ತಲೆ ನೇವರಿಸಿ ಅಲ್ಲ ಎಂದರು. ಈ ಜಾತಿಯಲ್ಲಿ ಚಿಕ್ಕದು ದೊಡ್ಡದರ ಮುಂದೆ ಹಾಗೆ ಕೈ ಎತ್ತುತ್ತದೆ. ನೀನು ದೊಡ್ಡವನು, ನಾನು ಸಣ್ಣವನು, ನನಗೇನೂ ಮಾಡಬೇಡ ಎಂದು ಅದರ ಅರ್ಥ. ಹುಡುಗಿ ಅದನ್ನೂ ಬರೆದುಕೊಂಡಳು. ನನ್ನ ಕಡೆ ತಿರುಗಿ, "ಇಟ್ ಈಸ್ ನಾಟ್ ಹಲೋ, ಅಂಕಲ್" ಎಂದಳು. ಮುಂದೆ ಬಹಳ ದಿನ ಅವಳು ನನ್ನ ಜತೆ ಮಾತಾಡಲಿಲ್ಲ.

ಬದುಕುತ್ತದೆಯೇ ಎಂದು ಸುಧಾ ಕೇಳಿದರು. ಈ ತಿಂಗಳು ದಾಟಿದರೆ ನೋಡೋಣ ಎಂದರು ಡಾಕ್ಟರು.

ಅಂಗಡಿಗೆ ಬಂದು ಅರ್ಬಾಬ್ ಮುಂದೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ದಬ್ ಎಂದು ನೀನು ರಟ್ಟಿನಲ್ಲಿ ಬರೆಸಿದೆ, ನಿನಗೆ ಗೊತ್ತಿದೆ ಎಂದುಕೊಂಡೆ ಎಂದರು. ನೀವು ದಬ್ ಎಂದಿರಿ, ನಿಮಗೆ ಗೊತ್ತಿದೆ ಎಂದು ನಾನು ಬರೆಸಿದೆ ಎಂದೆ. ಓತಿಕ್ಯಾತನಿಗೆ ಬೇಲಿ ಸಾಕ್ಷಿ, ಬೇಲಿಗೆ ಓತಿಕ್ಯಾತ ಸಾಕ್ಷಿ ಎಂದು ನಮ್ಮಲ್ಲಿ ಗಾದೆಯಿದೆ. ಆ ಗಾದೆಯನ್ನು ಹಿಂದಿಯಲ್ಲಿ ಅವರಿಗೆ ತಿಳಿಸಲು ಒದ್ದಾಡಿದೆ. ಬೇಲಿ ಯಾರು, ಓತಿ ಯಾರು ಎಂದು ಕೇಳಿದರು. ನಗು ಬರಬೇಕಿತ್ತು, ಇಬ್ಬರಿಗೂ ಬರಲಿಲ್ಲ.

ಉಳಿದ ಮೂರು ಮರಿಗಳನ್ನು ಕೊಂಡವರಿಗೆ ಆ ಮಧ್ಯಾಹ್ನವೇ ಫೋನ್ ಮಾಡಿದೆವು. ಒಬ್ಬರು ತಾವೇ ಓದಿ ತಿಳಿದುಕೊಂಡು ಹುಳ ಹಾಕುತ್ತಿದ್ದರು. ಇನ್ನೊಬ್ಬರ ಮರಿ ಸೊರಗಿತ್ತು, ಡಾಕ್ಟರ ಹತ್ತಿರ ಕಳಿಸಿದೆವು. ಮೂರನೆಯವರ ಮರಿ ಸತ್ತು ಎರಡು ವಾರವಾಗಿತ್ತು. ಹವೆ ಒಗ್ಗಲಿಲ್ಲ ಎಂದುಕೊಂಡಿದ್ದರಂತೆ, ಪಾಪ. ಅವರ ಹತ್ತಿರ ಅರ್ಬಾಬ್ ತಾವೇ ಮಾತಾಡಿದರು. ಫೋನ್ ಇಟ್ಟ ಮೇಲೆ ಗಾಜಿನ ಮೇಲಿದ್ದ ರಟ್ಟನ್ನು ಕಿತ್ತು ಹರಿದು, ಖಲಾಸ್, ಇನ್ನು ಓದದೆ ಒಂದು ಪ್ರಾಣಿಯೂ ಈ ಬಾಗಿಲು ದಾಟಬಾರದು ಎಂದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಕಾಪಿ ಬರೆದವನು ನಾನು. ಅರ್ಥವಾದದ್ದು ಅವತ್ತು.

ಹುಳ ಹಾಕಬೇಕು ಎಂದು ಡಾಕ್ಟರು ಹೇಳಿದ್ದೇನೋ ಸರಿ, ಆದರೆ ಏಕಾದಶಿಯ ಮನೆಗೆ ಮಿಡತೆಗಳ ಡಬ್ಬ ಹೊತ್ತುಕೊಂಡು ಹೋಗಬೇಕಾದವನು ನಾನು. ಮಣ್ಣಿನ ಬಣ್ಣದ ಸಣ್ಣ ಮಿಡತೆ, ಕ್ರಿಕೆಟ್ ಎಂದು ಮಾರುತ್ತಾರೆ. ಬಾಗಿಲಲ್ಲೇ ಡಬ್ಬ ಹಿಡಿದು ನಿಂತೆ. ಸುಧಾ ಅವರು ಡಬ್ಬವನ್ನೇ ನೋಡಿದರು, ಒಳಗೆ ಸರಸರ ಸದ್ದು. ಬೇಡ ಎನ್ನುತ್ತಾರೆ, ಪ್ರಾಣಿಯನ್ನು ಅಂಗಡಿಗೆ ವಾಪಸು ಕಳಿಸುತ್ತಾರೆ ಎಂದು ನಾನು ಸಿದ್ಧನಾಗಿಯೇ ಹೋಗಿದ್ದೆ. ಹಾಗೇ ವಾಪಸು ಕೊಟ್ಟಿದ್ದರೂ ತಪ್ಪು ಎನ್ನುವಂತಿರಲಿಲ್ಲ.

"ಹಾಲು ಕುಡಿಯೋ ಕೂಸಿಗೆ ಮುದ್ದೆ ತಿನ್ನಿಸಿದ ಹಾಗಾಯ್ತಲ್ವಾ ನಾನು ಮಾಡಿದ್ದು," ಎಂದರು. "ಒಳಗೆ ತನ್ನಿ."

ದೇವರ ಕೋಣೆಯಿಂದ ಅತಿ ದೂರದ ಜಾಗ ಯಾವುದು ಎಂದು ನಕ್ಷೆಯವರ ಕಣ್ಣಲ್ಲಿ ಮನೆಯನ್ನೆಲ್ಲ ಅಳೆದು, ಬಟ್ಟೆ ಒಗೆಯುವ ಬಾಲ್ಕನಿಯಲ್ಲಿ ಮಿಡತೆಗಳಿಗೆ ಜಾಗ ಕೊಟ್ಟರು. ಮಿಡತೆಯನ್ನು ಹಾಗೇ ಹಾಕುವುದಲ್ಲ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿ ಹಾಕಬೇಕು. ಬಂಗುಡೆಗೆ ರವೆ ಹಿಡಿಸಿದ ಹಾಗೆ ಅಮ್ಮಾ ಎಂದೆ. ಅವರು ಸುಮ್ಮನೆ ನನ್ನ ಮುಖ ನೋಡಿದರು. ನಮ್ಮ ಕಡೆಯವರಿಗೆ ಬಂಗುಡೆ ಬಿಟ್ಟರೆ ಬೇರೆ ಉದಾಹರಣೆ ಹೊಳೆಯುವುದಿಲ್ಲ ಮಾರಾಯ್ರೆ. ತಡವರಿಸಿ, ಕಜ್ಜಾಯಕ್ಕೆ ಗಸಗಸೆ ಮೆತ್ತಿದ ಹಾಗೆ ಎಂದು ತಿದ್ದಿದೆ. ಈಗ ಅರ್ಥವಾಯ್ತು ಎಂದರು. ಆದರೆ ಮುಂದೆ ಎಂದೂ ಕಜ್ಜಾಯ ತಿನ್ನುವಾಗ ಇದು ನೆನಪಾಗದಿರಲಿ ಎಂದೂ ಸೇರಿಸಿದರು.

ಮಿಡತೆಯ ಹೊಟ್ಟೆ ತುಂಬಿರಬೇಕು, ಅದು ತಿಂದದ್ದೇ ಮರಿಯ ಮೈ ಸೇರುವುದು. ಹಾಗೆಂದು ಹೇಳಿದ್ದೇ ತಡ, ಸುಧಾ ಅವರು ಕ್ಯಾರೆಟ್ ತುರಿ, ಕುಂಬಳಕಾಯಿ ಸಿಪ್ಪೆ ಎಂದು ಹುಳಗಳಿಗೆ ದಿನವೂ ಉಪಚಾರ ಶುರು ಮಾಡಿದರು. ಮಿಡತೆಯ ಗಾತ್ರ ಮರಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡದಿರಬಾರದು. ದಿನಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷದಲ್ಲಿ ತಿಂದಷ್ಟು. ಉಳಿದವನ್ನು ಎತ್ತಿಬಿಡಬೇಕು, ಇಲ್ಲವಾದರೆ ಮಲಗಿದ ಮರಿಯನ್ನು ಮಿಡತೆಯೇ ಕಚ್ಚುತ್ತದೆ. ಊಟವೇ ಉಣ್ಣುವವನನ್ನು ತಿನ್ನುವುದೇ ಎಂದು ಸುಧಾ ಅವರಿಗೆ ಇದು ಬಹಳ ಸೋಜಿಗದ ವಿಷಯವಾಗಿತ್ತು. ಹೊರಗಿನ ಗಿಡದಿಂದ ಹಿಡಿದ ಹುಳ ಮಾತ್ರ ಬೇಡ, ಅದರ ಮೇಲೆ ಯಾವ ಔಷಧ ಬಿದ್ದಿದೆಯೋ ಯಾರಿಗೆ ಗೊತ್ತು.

ಮರಳು ತೆಗೆದು ಪೇಪರ್ ಟವೆಲ್ ಹಾಸಿದೆವು. ಪೆಟ್ಟಿಗೆಯ ಒಂದು ತುದಿಯಲ್ಲಿ ಬಿಸಿ ದೀಪ, ಅದರ ಕೆಳಗೆ ಚಪ್ಪಟೆ ಕಲ್ಲು. ಅಲ್ಲಿ ಶಾಖ ನಲವತ್ತರ ಮೇಲೆ ಸ್ವಲ್ಪ ಇರಬೇಕು. ಇನ್ನೊಂದು ತುದಿ ತಂಪು, ಇಪ್ಪತ್ತೈದು ಇಪ್ಪತ್ತೆಂಟು. ಪ್ರಾಣಿ ತನಗೆ ಬೇಕಾದ ಕಡೆ ತಾನೇ ಹೋಗುತ್ತದೆ, ನಾವು ಆಯ್ಕೆ ಕೊಡಬೇಕು. ರಾತ್ರಿ ದೀಪ ಎಲ್ಲ ಬಂದ್. ಮೇಲೆ ಉದ್ದಕ್ಕೆ, ಎಲುಬಿಗೆ ಬೇಕಾದ ಕಿರಣ ಕೊಡುವ ಯುವಿ ಟ್ಯೂಬು, ನಡುವೆ ಗಾಜು ಇಲ್ಲದೆ. ಒಂದು ಪೆಟ್ಟಿಗೆಗೆ ಒಂದೇ ಮರಿ. ಎರಡಿಟ್ಟರೆ ಒಂದರ ಬಾಲ, ಬೆರಳು ಇನ್ನೊಂದು ಕಡಿಯುತ್ತದೆ.

ಒಮಾನಿನಲ್ಲಿ ಕೃತಕ ಬಿಸಿಲಿಗೆ ದೀಪ ಕೊಳ್ಳಬೇಕೇ ಎಂದು ಅರ್ಬಾಬ್‌ಗೆ ಇದು ಜೀರ್ಣವಾಗಲೇ ಇಲ್ಲ. ಹೊರಗೆ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತದೆ, ಒಳಗೆ ಒಂದು ಓತಿಗೆ ಬಿಸಿಲು ಸಾಲದೆ ಎಲುಬು ಮೆತ್ತಗಾಗಿದೆ. ಆದರೆ ಅದೇ ತಿಂಗಳು ನನ್ನ ಮಂಡಿನೋವಿಗೆ ರಕ್ತ ಪರೀಕ್ಷೆ ಮಾಡಿಸಿದರೆ, ವಿಟಮಿನ್ ಡಿ ತೀರಾ ಕಡಿಮೆ, ಬಿಸಿಲು ನೋಡುವುದೇ ಇಲ್ಲವೇ ಎಂದು ಆಸ್ಪತ್ರೆಯಲ್ಲಿ ಕೇಳಿದರು. ನಾನು ಲೆಕ್ಕ ಹಾಕಿದೆ. ಕೋಣೆಯಿಂದ ವ್ಯಾನು, ವ್ಯಾನಿನಿಂದ ಅಂಗಡಿ, ಅಂಗಡಿಯಿಂದ ಕೋಣೆ. ಇಪ್ಪತ್ತೆರಡು ವರ್ಷ ಗಾಜಿನ ಹಿಂದೆ. ದೀಪದ ಬುಡದಲ್ಲೇ ಕತ್ತಲೆ ಎಂದು ಹೇಳುವುದು ಸುಳ್ಳಲ್ಲ. ಮಾತ್ರೆ ನುಂಗುವಾಗಲೆಲ್ಲ ಪುಡಿಯ ಜ್ಞಾಪಕ ಬರುತ್ತಿತ್ತು.

ನಡುವೆ ಇನ್ನೊಂದು ಎಡವಟ್ಟು ಹೇಳಿಬಿಡುತ್ತೇನೆ. ಇನ್ನು ಮೇಲೆ ಮಿಡತೆ ನಾವೇ ಸಾಕೋಣ ಎಂದು ಅಂಗಡಿಯ ಹಿಂದೆ ದೊಡ್ಡ ಪ್ಲಾಸ್ಟಿಕ್ ಪೆಟ್ಟಿಗೆ ಇಟ್ಟೆ. ಗಾಳಿಯಾಡಲಿ ಎಂದು ಮುಚ್ಚಳಕ್ಕೆ ಬಟ್ಟೆಯ ಜಾಲರಿ ಕಟ್ಟಿದೆ. ಬೆಳಿಗ್ಗೆ ನೋಡಿದರೆ ಜಾಲರಿಯನ್ನು ಕಡಿದು ಇನ್ನೂರು ಮುನ್ನೂರು ಮಿಡತೆ ಪರಾರಿ. ಎರಡು ತಿಂಗಳು ಫಾಲ್ಸ್ ಸೀಲಿಂಗಿನೊಳಗೆ ಕೂತು ಸಂಗೀತ ಕಚೇರಿ ನಡೆಸಿದವು. ಪಕ್ಕದ ಗ್ಯಾರೇಜಿನ ಪಂಜಾಬಿ ಮೇಸ್ತ್ರಿ ಗಿರಾಕಿಯೊಬ್ಬನ ಕಾರಿನಲ್ಲಿ ಎಲ್ಲೋ ಕಿರಕಿರ ಸದ್ದು ಬರುತ್ತಿದೆ ಎಂದು ಅರ್ಧ ಎಂಜಿನ್ನು ಬಿಚ್ಚಿದ್ದ. ಆಮೇಲೆ ತಂತಿ ಜಾಲರಿ ಹಾಕಿದೆ. ನೀವು ಮೊದಲೇ ಹಾಕಿ.

ಪುಡಿ ಆ ತಿಂಗಳು ದಾಟಿತು. ಹನಿ ಹನಿ ಕ್ಯಾಲ್ಸಿಯಂ ಮದ್ದು, ಉಗುರು ಬೆಚ್ಚಗಿನ ನೀರಿನಲ್ಲಿ ಸ್ನಾನ, ಬೆರಳಿನಲ್ಲಿ ಹಿಡಿದು ಒಂದೊಂದೇ ಮಿಡತೆ. ಮೊದಲು ನಡುಕ ನಿಂತಿತು. ಆಮೇಲೆ ಕಲ್ಲು ಹತ್ತಿತು. ನಾನು ವಾರಕ್ಕೊಮ್ಮೆ ಮಿಡತೆ ಕೊಡುವ ನೆಪದಲ್ಲಿ ಹೋಗಿ ನೋಡಿ ಬರುತ್ತಿದ್ದೆ. ಅನಘಾ ಬಾಗಿಲು ತೆಗೆದು, ಡಬ್ಬ ತೆಗೆದುಕೊಂಡು, ಥ್ಯಾಂಕ್ಯೂ ಎಂದು ಒಳಗೆ ಹೋಗುತ್ತಿದ್ದಳು. ತಾಯಿಯ ಮೇಲೆ ಮುನಿಸಿರಬೇಕು, ಪಾಲಕ್ ತಿನ್ನಿಸಿದ್ದು ಅಮ್ಮನಲ್ಲವೇ ಎಂದು ನಾನು ಸಮಾಧಾನ ಮಾಡಿಕೊಂಡೆ. ಇವತ್ತು ಹೇಳಬೇಕು, ಮುಂದಿನ ವಾರ ಹೇಳಬೇಕು ಎಂದು ದಿನ ದೂಡಿದೆ. ಒಮ್ಮೆ ಲಿಫ್ಟಿನ ಹತ್ತಿರ ಸುಧಾ ಅವರೊಬ್ಬರೇ ಸಿಕ್ಕಾಗ, ಅವತ್ತು ಯಾಕೆ ನನ್ನ ಹೆಸರು ಹೇಳಲಿಲ್ಲ ಎಂದು ಕೇಳಿದೆ. ಡಾಕ್ಟರು ನಿಮ್ಮ ಯಜಮಾನರಿಗೆ ಪರಿಚಯ ಅಂದ್ರಲ್ಲ, ನಿಮ್ಮ ಕೆಲಸಕ್ಕೆ ಏನಾದ್ರೂ ಆದ್ರೆ ಎಂದರು. ಅಷ್ಟು ಹೇಳಿ ಲಿಫ್ಟು ಹತ್ತಿ ಹೋದರು.

ಯುವಿ ಟ್ಯೂಬಿನ ಒಂದು ಗುಟ್ಟಿದೆ. ಆರು ತಿಂಗಳಾದ ಮೇಲೂ ಅದು ಉರಿಯುತ್ತಲೇ ಇರುತ್ತದೆ, ನೋಡುವವರಿಗೆ ಏನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಎಲುಬಿಗೆ ಬೇಕಾದ ಕಿರಣ ಅಷ್ಟು ಹೊತ್ತಿಗೆ ಕುಂದಿರುತ್ತದೆ. ಅದಕ್ಕೆ ತಾರೀಕು ಬರೆದಿಟ್ಟು ಬದಲಾಯಿಸಬೇಕು. ನಾವು ಹಾಕುತ್ತಿದ್ದ ಟ್ಯೂಬಿಗೆ ಆರು ತಿಂಗಳ ಆಯುಷ್ಯ. ಆ ಕೆಲಸಕ್ಕೆ ನಾನು ಅವರ ಮನೆಗೆ ಹೋದಾಗ ಚಳಿಗಾಲ, ಅತ್ತೆ ಬಂದಿದ್ದರು.

ಪುಡಿ ಮೊಳದುದ್ದವಾಗಿತ್ತು. ಎಡ ಮುಂಗಾಲು ಮಾತ್ರ ಸೊಟ್ಟಗೇ ಉಳಿದಿತ್ತು, ಡಾಕ್ಟರು ಮೊದಲೇ ಹೇಳಿದ್ದರು. ನಾನು ಸ್ಟೂಲಿನ ಮೇಲೆ ನಿಂತು ಹಳೇ ಟ್ಯೂಬು ತೆಗೆಯುತ್ತಿದ್ದೆ. ಅಜ್ಜಿ ಸೋಫಾದಲ್ಲಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ನನ್ನನ್ನು ಮಾತಿಗೆಳೆಯಲು ತಮಾಷೆಯಾಗಿಯೇ ಹೇಳಿದರು.

"ನಮ್ಮ ಸೊಸೆ ಸೊಪ್ಪು ತಿನ್ನಿಸೀ ತಿನ್ನಿಸೀ ಅದರ ಕೈ ಸೊಟ್ಟ ಮಾಡಿಬಿಟ್ಟಳಂತೆ, ನೋಡಿ."

ಅಡುಗೆಮನೆಯ ಬಾಗಿಲಲ್ಲಿ ಸುಧಾ ನಿಂತಿದ್ದರು. ನಕ್ಕರು. ಆ ನಗು ನೋಡಿ ನನ್ನ ಕೈ ನಿಂತುಹೋಯಿತು. ಈ ಆರು ತಿಂಗಳಲ್ಲಿ ಎಷ್ಟು ಜನರ ಮುಂದೆ ಹೀಗೆ ನಕ್ಕಿದ್ದರೋ. ಸ್ಟೂಲಿನಿಂದ ಇಳಿದೆ. ಅನಘಾ ಪೆಟ್ಟಿಗೆಯ ಪಕ್ಕದಲ್ಲೇ ಇದ್ದಳು.

"ಅಮ್ಮನ ತಪ್ಪಲ್ಲ ಮಗಾ," ಎಂದೆ. "ಸೊಪ್ಪು ಸಾಕು ಅಂತ ಹೇಳಿದ್ದು ನಾನು. ನಂಗೆ ಗೊತ್ತಿರ್ಲಿಲ್ಲ. ಗೊತ್ತುಂಟು ಅಂತ ಹೇಳಿದೆ."

ಅಜ್ಜಿಯ ಬೆರಳು ಬತ್ತಿಯ ಮೇಲೆಯೇ ನಿಂತಿತು. ಹುಡುಗಿ ಎದ್ದು ಕೋಣೆಗೆ ಹೋದಳು. ಬಾಗಿಲು ಹಾಕಿಕೊಳ್ಳುತ್ತಾಳೆ ಎಂದುಕೊಂಡೆ. ಆ ಕಿತ್ತಳೆ ನೋಟ್‌ಬುಕ್ಕು ಹಿಡಿದು ವಾಪಸು ಬಂದಳು. ಮೊದಲ ಪುಟ ತೆರೆದು ನನ್ನ ಮುಂದೆ ಹಿಡಿದಳು. ಇಂಗ್ಲಿಷಿನಲ್ಲಿ ಗುಂಡಗಿನ ಅಕ್ಷರ. ಪ್ರಶ್ನೆ: ಇದು ವೆಜ್ಜೇ? ಉತ್ತರ, ಅಂಗಡಿಯ ಅಂಕಲ್: ಪ್ಯೂರ್ ವೆಜ್. ಅದರ ಕೆಳಗೆ 'ಕರೆಕ್ಷನ್' ಎಂದು ಬರೆದು, ಮುಂದೆ ಸ್ಕೇಲಿಟ್ಟು ಒಂದು ಗೆರೆ ಎಳೆದಿದ್ದಳು. ಗೆರೆಯ ಮೇಲೆ ಏನೂ ಇರಲಿಲ್ಲ.

"ಐ ನ್ಯೂ, ಅಂಕಲ್," ಎಂದಳು. "ಐ ಕೆಪ್ಟ್ ದ ಲೈನ್ ಫಾರ್ ಯೂ."

ಆರು ತಿಂಗಳು ಅವಳು ಮುನಿಸಿಕೊಂಡದ್ದು ತಾಯಿಯ ಮೇಲಲ್ಲ. ನನಗೋಸ್ಕರ ಒಂದು ಸಾಲು ಖಾಲಿ ಬಿಟ್ಟುಕೊಂಡು, ಪ್ರತಿ ವಾರ ಬಾಗಿಲು ತೆಗೆದು, ನಾನು ಹೇಳುತ್ತೇನೋ ಇಲ್ಲವೋ ಎಂದು ನೋಡಿ, ಥ್ಯಾಂಕ್ಯೂ ಎಂದು ಒಳಗೆ ಹೋಗುತ್ತಿದ್ದಳು. ಪೆನ್ನು ಕೊಟ್ಟಳು. ನನ್ನ ಇಂಗ್ಲಿಷು ಬಿಲ್ಲು ಬರೆಯುವಷ್ಟರದು, ಕನ್ನಡದಲ್ಲೇ ಬರೆದೆ. ಹುಳವೇ ಮುಖ್ಯ, ಸೊಪ್ಪು ಜತೆಗೆ. ಗೊತ್ತಿಲ್ಲದೆ ಹೇಳಿದೆ. ತಪ್ಪು ನನ್ನದು, ಅಮ್ಮನದಲ್ಲ. ದಾಮೋದರ. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಸುಧಾ ಬಂದು ಓದಿ ಹೇಳಬೇಕಾಯಿತು. ಕೊನೆಯ ವಾಕ್ಯವನ್ನು ಅವರು ಎರಡು ಸಲ ಓದಿದರು. ಹುಡುಗಿ ತಾಯಿಯ ಸೆರಗು ಹಿಡಿದುಕೊಂಡು ಪೂರ್ತಿ ಕೇಳಿದಳು.

ಆಮೇಲೆ ನೋಟ್‌ಬುಕ್ಕು ಮುಚ್ಚಿ, ಬಾಲ್ಕನಿಯಿಂದ ಮಿಡತೆಯ ಡಬ್ಬ ತಂದು ನನ್ನ ಕೈಗಿಟ್ಟಳು. ಅವಳು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಿದ್ದು ಅದೇ ಮೊದಲು.

"ಇವತ್ತು ನೀವು ಹಾಕಿ."

ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದ ಒಂದು ಮಿಡತೆ ಹಿಡಿದು ಪೆಟ್ಟಿಗೆಯ ಮೇಲೆ ಬಾಗಿದೆ. ನನ್ನ ನೆರಳು ಓತಿಯ ಮೇಲೆ ಬಿತ್ತು. ಅದು ಕಲ್ಲಿನ ಮೇಲೆಯೇ ಕತ್ತು ವಾರೆ ಮಾಡಿ ನನ್ನನ್ನು ನೋಡಿತು. ನೋಡಿ, ಆ ಸೊಟ್ಟ ಮುಂಗಾಲನ್ನೇ ಮೆಲ್ಲಗೆ ಎತ್ತಿ, ಗಾಳಿಯಲ್ಲಿ ಅರ್ಧ ಸುತ್ತು ತಿರುಗಿಸಿತು. ಪೂರ್ತಿ ಸುತ್ತು ಅದರಿಂದ ಆಗುತ್ತಿರಲಿಲ್ಲ. ಅದರ ಅರ್ಥ ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ನಾನು ಮಿಡತೆಯನ್ನು ಕಲ್ಲಿನ ಮೇಲೆ ಬಿಟ್ಟು, ಖಾಲಿಯಾದ ಕೈಯನ್ನು ಮೇಲೆತ್ತಿ ಅದರ ಮುಂದೆ ಹಾಗೆಯೇ ತಿರುಗಿಸಿದೆ.